ಹೇಸರಗತ್ತೆ ಮನೆತನದ ವಾರಸುದಾರ

"ಅಲ್ಲಿ ಕೂರಬೇಡಿ ಅಕ್ಕಾ," ಎಂದಳು ಸಂಪಾದಕರ ಮಗಳು.

ಅಷ್ಟರಲ್ಲಿ ನಾನು ಕೂತಾಗಿತ್ತು. ಕೂತ ಮರುಕ್ಷಣವೇ ಸೊಂಟ ಮುಂದಕ್ಕೆ ಜಾರಿ, ಮೊಣಕಾಲು ಮೇಜಿಗೆ ಬಡಿದು, ಕೈಯಲ್ಲಿದ್ದ ಲೋಟದ ಚಹಾ ಅರ್ಧ ಮಡಿಲಿಗೆ ಸುರಿಯಿತು. ಕೆಂಪು ಚರ್ಮದ ಹೊದಿಕೆ, ಆಳೆತ್ತರದ ಬೆನ್ನು, ಎರಡು ತೋಳಿನ ತುದಿಗೂ ಬಾಯಿ ತೆರೆದ ಸಿಂಹ. ನೋಡಲು ಸಿಂಹಾಸನ, ಕೂತರೆ ಜಾರುಬಂಡೆ.

"ಮುಂದಿನ ಎರಡು ಕಾಲನ್ನೂ ಅಪ್ಪಾನೇ ಒಂಚೂರು ಕೊಯ್ದಿದ್ರು," ಎಂದಳು ಒರೆಸಲು ಬಟ್ಟೆ ಕೊಡುತ್ತ. "ಚರ್ಮಕ್ಕೆ ಆಗಾಗ ಮೇಣ ಬೇರೆ ತಿಕ್ಕೋರು."

"ಅದ್ಯಾಕಮ್ಮ ಅಂಥಾ ದ್ವೇಷ?"

"ಬಿರುದಿನೋರು ಬಂದ್ರೆ ಏಳೋದೇ ಇಲ್ಲ ಅಕ್ಕಾ. ಮುತ್ತಾತ ಹುಲಿ ಹೊಡೆದ ಕತೆ ಶುರು ಮಾಡಿದ್ರೆ ಸಂಜೆ ಆಗೋದು. ಈ ಕುರ್ಚಿ ಬಂದ್ಮೇಲೆ ಕೆಲಸ ಬೇಗ ಮುಗಿಯೋಕೆ ಶುರುವಾಯ್ತು. ಜಾರ್ತಾ ಇದೀನಿ ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ ನೋಡಿ, ಘನತೆಗೆ ಕಡಿಮೆ."

ಬದುಕಿದ್ದಾಗ ಆ ಸಂಪಾದಕರ ಮುಖ ನಾನು ನೋಡಿದವಳಲ್ಲ. ಆದರೂ ಆ ಗಳಿಗೆಯಲ್ಲಿ ಮನುಷ್ಯ ತುಂಬಾ ಇಷ್ಟವಾದರು.

ಅವರು ಸತ್ತು ವಾರ ಕಳೆದಿತ್ತು. ಇದೇ ಕೋಣೆಯಲ್ಲಿ, ಕಪಾಟಿಗೆ ಒರಗಿಸಿದ ಏಣಿಯ ಬುಡದಲ್ಲಿ, ತಲೆಯ ಹಿಂಭಾಗ ಒಡೆದು ಬಿದ್ದಿದ್ದರು. ಏಣಿಯಿಂದ ಬಿದ್ದ ಗಾಯವಲ್ಲ ಅದು, ಯಾರೋ ಮೇಜಿನ ಮೂಲೆಗೆ ತಳ್ಳಿದ್ದಾರೆ ಎಂದರು ವೈದ್ಯರು. ಆ ಯಾರೋ ಮಗಳೇ ಎಂದರು ಪೊಲೀಸರು. ಸಂಜೆಯೊಳಗೆ ನಾನು ಬೇರೊಬ್ಬರನ್ನು ತೋರಿಸದಿದ್ದರೆ ಅವಳನ್ನು ಠಾಣೆಗೆ ಕರೆದೊಯ್ಯುವುದೆಂದು ನಿಗದಿಯಾಗಿತ್ತು.

ಪೊಲೀಸರ ಹತ್ತಿರ ಇದ್ದದ್ದು ಎರಡೇ ಸಂಗತಿ. ಆ ಮಧ್ಯಾಹ್ನ ಅಪ್ಪ ಮಗಳು ಬೀದಿಗೆ ಕೇಳುವಂತೆ ಜಗಳವಾಡಿದ್ದರು. ಅವರಿಬ್ಬರನ್ನು ಬಿಟ್ಟು ಬೇರೆ ಯಾರೂ ಮಹಡಿ ಹತ್ತಲಿಲ್ಲ ಎಂದು ಕೆಳಗಿನ ಕನ್ನಡಕದ ಅಂಗಡಿಯವನು ಹೇಳಿಕೆ ಕೊಟ್ಟಿದ್ದ. ಊರಿಗೆಲ್ಲ ಕಣ್ಣು ಕೊಡುವ ಆ ಮಹಾನುಭಾವ ಊಟವಾದ ಮೇಲೆ ಗಲ್ಲಾದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುವುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಸಾಕ್ಷಿಗೇನು, ನಿದ್ದೆಗಣ್ಣಿನವನಾದರೂ ನಡೆಯುತ್ತದೆ.

"ಜಗಳ ಯಾತಕ್ಕೆ ಆಗಿದ್ದು?" ಎಂದು ಮತ್ತೊಮ್ಮೆ ಕೇಳಿದೆ.

"ಮನೆ ವಿಷಯ ಅಕ್ಕಾ."

ಬಂದಾಗಿನಿಂದ ಇದೇ ಉತ್ತರ. ಅತ್ತಿಲ್ಲ, ಕಾಲು ಹಿಡಿದಿಲ್ಲ, ಅಪ್ಪನನ್ನು ದೇವರು ಮಾಡಿಲ್ಲ. ಕಣ್ಣಿನ ಕೆಳಗೆ ಕಪ್ಪುಗಟ್ಟಿದ್ದರೂ ಅಚ್ಚಿಗೆ ಹೋಗಬೇಕಾದ ಹಾಳೆಗಳನ್ನು ಕೆಂಪು ಪೆನ್ನು ಹಿಡಿದು ತಿದ್ದುತ್ತಲೇ ಇದ್ದಳು. ಈ ಇಡೀ ಪ್ರಕರಣದಲ್ಲಿ ನನಗೆ ಗೌರವ ಹುಟ್ಟಿದ್ದು ಅವಳೊಬ್ಬಳ ಮೇಲೆ, ಆ ಮಾತನ್ನು ಮುಚ್ಚಿಡುವುದೇನೂ ಇಲ್ಲ.

ಉಳಿದವರ ಬಗ್ಗೆ ಹೇಳದಿರುವುದೇ ಒಳ್ಳೆಯದು. ಆದರೆ ಹೇಳುತ್ತೇನೆ.

ಸಂಪಾದಕರು ಜೀವಮಾನವಿಡೀ ಮಾಡಿದ್ದು ಒಂದೇ ಪುಸ್ತಕ, ಬಿರುದು ಬಾವಲಿಯುಳ್ಳ ಮನೆತನಗಳ ಕೈಪಿಡಿ. ಯಾರು ಯಾರ ಮಗ, ಯಾವ ಬಿರುದು ಯಾವ ಮಹಾರಾಯನಿಗೆ ಯಾತಕ್ಕೆ ಬಂತು, ಔತಣದಲ್ಲಿ ಯಾರ ಕುರ್ಚಿ ಯಾರದಕ್ಕಿಂತ ಮುಂದೆ, ಎಲ್ಲವೂ ಅದರಲ್ಲಿದೆ. ಕೆಂಪು ರಟ್ಟು, ಚಿನ್ನದ ಬಣ್ಣದ ಅಕ್ಷರ, ತಲೆದಿಂಬಿನಷ್ಟು ದಪ್ಪ. ಎಲ್ಲರೂ ಅದನ್ನು ಕೆಂಪು ಪುಸ್ತಕ ಎನ್ನುತ್ತಾರೆ.

ಆಳಲು ಊರಿಲ್ಲ, ಹೇಳಿದ್ದು ಕೇಳಲು ಆಳಿಲ್ಲ, ಆದರೂ ಪ್ರತಿಸಲ ಹೊಸ ಮುದ್ರಣ ಬರುವ ಹೊತ್ತಿಗೆ ಈ ದೊರೆಗಳು ಮೆಟ್ಟಿಲು ಸವೆಸುತ್ತಾರೆ. ಒಬ್ಬ ಪ್ರಭು ಬಾಡಿಗೆ ಕಾರು ಓಡಿಸಿ ಮರ್ಯಾದೆಯಿಂದ ಬದುಕುತ್ತಿದ್ದಾನೆ; ಆ ಮರ್ಯಾದೆಯೊಂದನ್ನು ಮಾತ್ರ ಪುಸ್ತಕದಲ್ಲಿ ಹಾಕಬೇಡಿ ಎಂದು ಗೋಗರೆದನಂತೆ. ಇನ್ನೊಬ್ಬ ಖೋಟಾ ಸಹಿ ಹಾಕಿ ಜೈಲಿನಲ್ಲಿದ್ದಾನೆ. ಅವನ ಹೆಸರಿನ ಮುಂದೆ 'ಘನತೆವೆತ್ತ' ಹಾಗೇ ಇದೆ.

ಬಾಗಿಲು ತಟ್ಟಿದ ಸದ್ದಾಯಿತು. ಪುಟ ತಿದ್ದಿಸಲು ಬಂದ ಒಬ್ಬ ಮುದಿ ಪ್ರಭ್ವಿ ಕೋಲೂರಿಕೊಂಡು ಒಳಗೆ ಬಂದಳು. ಸಿಂಹದ ಕುರ್ಚಿಯ ಕಡೆ ತಿರುಗಿಯೂ ನೋಡದೆ ಗೋಡೆಪಕ್ಕದ ಬರಿಮರದ ಬೆಂಚಿನ ಮೇಲೆ ಕೂತಳು.

"ಗಟ್ಟಿ ಹಲಗೆ ಬೆನ್ನಿಗೆ ಒಳ್ಳೇದಮ್ಮ," ಎಂದು ನನಗೆ ವಿವರಣೆ ಬೇರೆ ಕೊಟ್ಟಳು.

ತನ್ನ ನಾದಿನಿಯ ಹೆಸರು ತನ್ನದಕ್ಕಿಂತ ದಪ್ಪ ಅಕ್ಷರದಲ್ಲಿದೆ ಎಂಬುದು ಆಕೆಯ ದೂರು. ಆ ನಾದಿನಿ ಸತ್ತು ಹೋಗಿದ್ದಾಳೆ. ಸತ್ತವಳ ಅಕ್ಷರವನ್ನು ತೆಳ್ಳಗೆ ಮಾಡುವುದಾಗಿ ಮಾತು ಪಡೆದುಕೊಂಡು ಎದ್ದುಹೋದಳು.

"ಬೆನ್ನೂ ಇಲ್ಲ, ಗಿನ್ನೂ ಇಲ್ಲ," ಎಂದಳು ಮಗಳು. "ಒಂದ್ಸಲ ಜಾರಿದೋರು ಮತ್ತೆ ಆ ಕುರ್ಚಿ ತಂಟೆಗೆ ಹೋಗಲ್ಲ. ಹಳಬರೆಲ್ಲ ಏನಾದ್ರೂ ನೆಪ ಹೇಳಿ ಬೆಂಚಿಗೇ ಹೋಗ್ತಾರೆ. ಹೊಸಬರು ಮಾತ್ರ ನೇರ ಸಿಂಹಾಸನಕ್ಕೆ."

"ತಪ್ಪದೇ?"

"ಇಲ್ಲಿವರೆಗೂ ತಪ್ಪಿದೋರನ್ನ ನಾನು ನೋಡಿಲ್ಲ. ಅದನ್ನ ಬಿಟ್ಟು ಬೆಂಚಿನ ಮೇಲೆ ಕೂರೋಕೆ ಅವರ ಪ್ರಾಣ ಒಪ್ಪಲ್ಲ ಅಕ್ಕಾ."

ನಾನು ಲೋಟ ಕೆಳಗಿಟ್ಟೆ. ಟೆಲಿಫೋನು ಎಲ್ಲಿದೆ ಎಂದು ಕೇಳಿದೆ.

ಯಾರಿಗೆ ಫೋನು ಮಾಡಿದೆ ಎನ್ನುವ ಮೊದಲು ಇಲಿಬೋನಿನ ವಿಷಯ ಹೇಳಬೇಕು. ಬೆಳಗ್ಗೆ ಮಗಳೇ ಬಿಡಿಸಿ ಹೇಳಿದ್ದಳು.

"ಬೇರೆ ಪ್ರಕಾಶಕರು ನಮ್ಮ ಪುಸ್ತಕಾನ ಇಡಿಯಾಗಿ ನಕಲು ಹೊಡೆದು ಮಾರ್ತಿದ್ರು. ಕೇಳಿದ್ರೆ, ಆ ಮನೆತನಗಳೇನು ನಿಮ್ಮಪ್ಪನ ಆಸ್ತೀನಾ, ನಾವೂ ಹೋಗಿ ಕೇಳಿ ಬರ್ಕೊಂಡ್ವಿ ಅನ್ನೋರು. ಅದಕ್ಕೆ ಅಪ್ಪ ಎಲ್ಲೂ ಇಲ್ಲದ ಒಂದು ಮನೆತನ ಹುಟ್ಟಿಸಿ ಮಧ್ಯೆ ಸೇರಿಸಿದ್ರು. ಅದೂ ನಕಲಾಗಿ ಬಂದ್ರೆ ಕಳ್ಳ ಸಿಕ್ಕಿಬಿದ್ದ. ಇಲಿಬೋನು ಅಂತಿದ್ರು ಅದಕ್ಕೆ."

ಎಲ್ಲರ ಲಾಂಛನದಲ್ಲಿ ಸಿಂಹ, ಗರುಡ, ಆನೆ. ಈ ಮನೆತನಕ್ಕೆ ಸಂಪಾದಕರು ಕೊಟ್ಟ ಲಾಂಛನ ಹೇಸರಗತ್ತೆ. ಅದು ಮರಿ ಹಾಕುವ ಪ್ರಾಣಿಯಲ್ಲ. ವಂಶವಿಲ್ಲದ ವಂಶಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಸಿಗುವುದಿಲ್ಲ. ಅದನ್ನು ನೋಡಿಯೂ ಇಷ್ಟು ವರ್ಷ ಯಾರಿಗೂ ಅನುಮಾನ ಬರಲಿಲ್ಲ ಎಂದರೆ ಈ ಪುಸ್ತಕದ ಓದುಗರು ಎಂಥವರು ಎಂದು ನೀವೇ ಲೆಕ್ಕ ಹಾಕಿ. ಒಬ್ಬ ಪ್ರಭುವಂತೂ ಹೇಸರಗತ್ತೆಯವರು ತನಗೆ ದೂರದ ಬೀಗರು ಎಂದು ಹೇಳಿಕೊಂಡು ತಿರುಗುತ್ತಿದ್ದ.

ಬೋನು ಕಟ್ಟಿದವರೇ ಅದರ ಮೋಹಕ್ಕೆ ಬಿದ್ದರು. ಪ್ರತಿ ಮುದ್ರಣದಲ್ಲೂ ಆ ಮನೆತನವನ್ನು ಇಷ್ಟಿಷ್ಟೇ ಬೆಳೆಸಿದರು. ಸ್ವಂತ ಖರ್ಚಿನಲ್ಲಿ ಸೇತುವೆ ಕಟ್ಟಿಸಿದ ಹಿರಿಯ. ಪ್ಲೇಗಿನಲ್ಲಿ ಊರು ಬಿಡದೆ ನಿಂತ ಅಜ್ಜಿ. ಅಣ್ಣ ತಮ್ಮಂದಿರ ಕೋರ್ಟು ಕಚೇರಿಯಿಲ್ಲ, ಜೂಜಿಲ್ಲ, ವಿಷ ಹಾಕಿದ ಸೊಸೆಯಿಲ್ಲ. ಇಡೀ ಪುಸ್ತಕದಲ್ಲಿ ಕಳಂಕವಿಲ್ಲದ ಮನೆತನ ಅದೊಂದೇ. ಯಾಕೆಂದರೆ ಅದರಲ್ಲಿ ಯಾರೂ ಇರಲಿಲ್ಲ.

ಕೊನೆಗೆ ಒಬ್ಬ ವಾರಸುದಾರನನ್ನೂ ಬರೆದರು. ಅವಿವಾಹಿತ, ಹೊರದೇಶದಲ್ಲಿ ವಾಸ.

ಹೋದ ತಿಂಗಳು ಆ ವಾರಸುದಾರ ಪತ್ರಿಕೆಯಲ್ಲಿ ಪ್ರತ್ಯಕ್ಷನಾದ. ಪಕ್ಕದಲ್ಲಿ ದೊಡ್ಡ ಬಿಸ್ಕತ್ತು ಕಾರ್ಖಾನೆಯ ಒಡೆಯನ ಮಗಳು, ಅವನ ಬೆರಳಿನಲ್ಲಿ ಹೇಸರಗತ್ತೆಯ ಉಂಗುರ, ಕೆಳಗೆ ನಿಶ್ಚಿತಾರ್ಥದ ಸುದ್ದಿ. ಬಿಸ್ಕತ್ತಿನವರಿಗೆ ದುಡ್ಡು ಸಾಕಾಗಿತ್ತು, ಈಗ ವಂಶ ಬೇಕಾಗಿತ್ತು. ಅಂಗಡಿಗೆ ಹೋಗಿ ಕೊಂಡುಕೊಂಡರು. ಸಾಮಾನು ಅಸಲಿಯೋ ನಕಲಿಯೋ ಎಂದು ಕೆಂಪು ಪುಸ್ತಕ ತೆರೆದು ನೋಡಿದರು. ಅದರಲ್ಲಿ ಇದೆಯಲ್ಲ, ಮತ್ತೇನು ಬೇಕು?

"ಆ ಸುದ್ದಿ ನೋಡಿ ಅಪ್ಪ ಏನಂದ್ರು?"

"ಮೊದಲು ನಕ್ಕರು," ಎಂದಿದ್ದಳು. "ಆಮೇಲೆ ಊಟ ಮಾಡಲಿಲ್ಲ."

ಮಗಳನ್ನು ಬಿಟ್ಟರೆ ಬಿಸ್ಕತ್ತಿನ ಅಳಿಯನ ಆಟ ಬಯಲು ಮಾಡಬಲ್ಲವರು ಒಬ್ಬರೇ ಇದ್ದರು. ಅವರು ಈಗ ಇರಲಿಲ್ಲ. ಅಷ್ಟು ಸಾಲದೇ? ನನಗೆ ಸಾಕಾಗಿತ್ತು, ಇನ್ಸ್‌ಪೆಕ್ಟರನಿಗೆ ಸಾಕಾಗಿರಲಿಲ್ಲ.

ಈ ಇನ್ಸ್‌ಪೆಕ್ಟರು ನನ್ನ ತಂಗಿಯ ಅಳಿಯ. ಆ ಸಂಬಂಧವೊಂದು ಇಲ್ಲದಿದ್ದರೆ ನನ್ನನ್ನು ಮೆಟ್ಟಿಲ ಬುಡದಲ್ಲೇ ತಡೆಯುತ್ತಿದ್ದ. ಮೂವತ್ತು ವರ್ಷ ವಿಮಾ ಕಂಪನಿಗೆ ಸುಳ್ಳು ಕ್ಲೇಮು ಹಿಡಿದುಕೊಟ್ಟವಳ ಅನುಭವ ಅವನ ಪಾಲಿಗೆ ಮುದುಕಿಯ ಕಾಲಕ್ಷೇಪ.

"ದೊಡ್ಡತ್ತೆ, ಅವರು ದೊಡ್ಡ ಮನುಷ್ಯರು," ಎಂದ, ಊಟದ ಹೊತ್ತು ಕಳೆದು ಬಂದವನು. "ಬಿಸ್ಕತ್ತಿನೋರು ನಮ್ಮ ಸಾಹೇಬರಿಗೆ ಫೋನ್ ಮಾಡಿದ್ರೆ ನನ್ನ ಕತೆ ಏನು?"

"ನಿನ್ನ ಕತೆ ಆಮೇಲೆ ನೋಡೋಣ. ಅವನು ಯಾವತ್ತಾದ್ರೂ ಈ ಆಫೀಸಿಗೆ ಬಂದಿದ್ದ ಅಂತ ತೋರಿಸಿದ್ರೆ ವಿಚಾರಣೆ ಮಾಡ್ತೀಯಾ?"

"ತೋರಿಸಿ. ಆಮೇಲೆ ನೋಡೋಣ."

"ಹಾಗಾದ್ರೆ ಒಳಗಿನ ಕೋಣೇಲಿ ಕೂತು ಬಾಗಿಲು ಅರ್ಧ ಮುಚ್ಕೊ. ಕೆಮ್ಮಬೇಡ."

ಅವನು ಗೊಣಗುತ್ತ ಹಳೆಯ ಮುದ್ರಣಗಳ ಕಟ್ಟುಗಳ ನಡುವೆ ಹೋಗಿ ಕೂತ. ಹೆಂಡತಿಯ ದೊಡ್ಡಮ್ಮನ ಮಾತನ್ನು ಪೂರ್ತಿ ತೆಗೆದುಹಾಕಿ ಸಂಜೆ ಮನೆಗೆ ಹೋಗುವ ಧೈರ್ಯ ಅವನಿಗಿರಲಿಲ್ಲ.

ನಾನು ಫೋನಿನಲ್ಲಿ ಹೇಳಿದ್ದು ಇಷ್ಟೇ: ಹೊಸ ಮುದ್ರಣ ಅಚ್ಚಿಗೆ ಹೋಗುತ್ತಿದೆ, ತಮ್ಮ ಮದುವೆಯ ವಿವರ ಸೇರಿಸಬೇಕು, ಒಮ್ಮೆ ಬಂದು ಪುಟ ನೋಡಿಹೋಗಬೇಕು. ಅವನು ಬಾರದೆ ಇರುವಂತಿರಲಿಲ್ಲ. ತನ್ನ ಪುಟ ನೋಡಲು ಬಾರದ ಪ್ರಭು ಈ ಲೋಕದಲ್ಲಿ ಹುಟ್ಟಿಲ್ಲ, ಅದು ಅವನಿಗೂ ಗೊತ್ತಿತ್ತು.

ಹೇಳಿದ ಹೊತ್ತಿಗೆ ಬಂದ. ಬಿಳಿ ಪ್ಯಾಂಟು, ಹಾಲಿನ ಬಣ್ಣದ ಕೋಟು, ಕೋಣೆ ತುಂಬುವಷ್ಟು ಅತ್ತರು. ಮೂವತ್ತೈದರ ಆಸುಪಾಸು. ಮಾತನಾಡುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು, ಉಳಿದ ಮುಖ ಆ ಕೆಲಸ ತನ್ನದಲ್ಲ ಎಂಬಂತೆ ಸುಮ್ಮನಿತ್ತು. ಅಭ್ಯಾಸ ಮಾಡಿ ಕಲಿತದ್ದು. ನಿಜವಾದ ಪ್ರಭುಗಳು ಬಾಯಿಗಿಂತ ಮೂಗಿನಲ್ಲೇ ಹೆಚ್ಚು ಮಾತನಾಡುತ್ತಾರೆ.

"ಬನ್ನಿ ಬನ್ನಿ," ಎಂದೆ ಎದ್ದು ನಿಂತು. "ಹಿಂದೆ ಯಾವಾಗ್ಲಾದ್ರೂ ಇಲ್ಲಿಗೆ ಬಂದಿದ್ರಾ ತಾವು?"

"ಇಲ್ಲಿಗಾ? ಇದೇ ಮೊದಲು. ಮೆಟ್ಟಿಲು ಇಷ್ಟು ಕಡಿದು ಅಂತ ಗೊತ್ತಿದ್ರೆ ನಿಮ್ಮನ್ನೇ ಹೋಟೆಲ್ಲಿಗೆ ಕರೆಸ್ಕೋತಿದ್ದೆ."

ಕೋಣೆಯನ್ನು ಒಂದು ಸುತ್ತು ನೋಡಿದ. ಕಪಾಟು, ಏಣಿ, ಮೇಜು, ಮೇಜಿನ ಹಿಂದೆ ತಲೆ ಬಗ್ಗಿಸಿ ಹಾಳೆ ತಿದ್ದುತ್ತಿದ್ದ ಮಗಳು. ಅವಳ ಮೇಲೆ ಅವನ ಕಣ್ಣು ನಿಲ್ಲಲಿಲ್ಲ. ಕೆಲಸದ ಹೆಂಗಸರ ಮೇಲೆ ಕಣ್ಣು ನಿಲ್ಲಿಸಬಾರದು ಎಂಬುದನ್ನೂ ಕಲಿತಿದ್ದನೆಂದು ಕಾಣುತ್ತದೆ.

ಆಮೇಲೆ ಸಿಂಹದ ಕುರ್ಚಿಯ ಪಕ್ಕದಲ್ಲೇ ಹಾದು ಬೆಂಚಿನ ಹತ್ತಿರ ಹೋದ. ಅದರ ಮೇಲೆ ನಾನು ಬೇಕೆಂದೇ ಉದುರಿಸಿದ್ದ ಒಂದು ಬೆರಳು ಧೂಳಿತ್ತು. ಜೇಬಿನಿಂದ ರೇಷ್ಮೆಯ ಕರವಸ್ತ್ರ ತೆಗೆದು ಹಾಸಿ, ಬಿಳಿ ಪ್ಯಾಂಟನ್ನು ಎತ್ತಿ ಹಿಡಿದು ಕೂತ.

ಮಗಳ ಪೆನ್ನು ಹಾಳೆಯ ಮೇಲೆ ನಿಂತಿತು.

"ಅಯ್ಯೋ, ಅಲ್ಲಿ ಯಾಕೆ ಕೂತ್ರಿ? ಇಲ್ಲಿ ಕುರ್ಚಿ ಇದೆಯಲ್ಲ," ಎಂದೆ.

"ಪರವಾಗಿಲ್ಲ. ಗಟ್ಟಿ ಹಲಗೆ ಬೆನ್ನಿಗೆ ಒಳ್ಳೇದು."

ಮುದಿ ಪ್ರಭ್ವಿ ಹೇಳಿದ್ದನ್ನೇ ಪದ ಬಿಡದೆ ಹೇಳಿದ್ದ. ನಾನು ನಗು ನುಂಗಿಕೊಂಡೆ. ಆತುರಪಡಬಾರದು, ಸ್ವಲ್ಪ ಹೊತ್ತು ಬೇಯಿಸಬೇಕು ಎನಿಸಿತು. ಅವನ ಮನೆತನವನ್ನು ಹೊಗಳಲು ಶುರು ಮಾಡಿದೆ.

"ತಮ್ಮ ಅಜ್ಜಿಯವರ ವಿಷಯ ಓದ್ದಾಗೆಲ್ಲ ನನಗೆ ಕಣ್ಣಲ್ಲಿ ನೀರು ಬರುತ್ತೆ. ಪ್ಲೇಗಲ್ಲಿ ಊರು ಬಿಡದೇ ನಿಂತೋರು."

"ಅಜ್ಜಿ..." ಎಂದು ಕಿಟಕಿಯ ಕಡೆ ನೋಡಿದ. "ಚಿಕ್ಕವನಿದ್ದಾಗ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಆ ಕತೆ ಹೇಳೋರು. ಕೈ ನಡುಗೋದು ಪಾಪ. ಹೋಗುವಾಗ ಕೊನೇ ಮಾತು ನನ್ನ ಹತ್ರಾನೇ ಆಡಿದ್ದು."

"ಏನಂದ್ರು?"

"ಮನೆತನದ ಹೆಸರು ಉಳಿಸು ಅಂದ್ರು." ಕಣ್ಣಿನ ಮೂಲೆ ಒರೆಸಿಕೊಂಡ.

ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೋಸ ಮಾಡುವುದಿರಲಿ, ಅದು ಹೊಟ್ಟೆಪಾಡು ಎನ್ನಬಹುದು. ಇಲ್ಲದ ಅಜ್ಜಿಗೆ ಅಳುವುದಿದೆಯಲ್ಲ, ಅದು ಹೇಸಿಗೆ.

"ಆ ಅಜ್ಜಿ ಹುಟ್ಟಿದ್ದೂ ಸತ್ತಿದ್ದೂ ಈ ಮೇಜಿನ ಮೇಲೆ," ಎಂದೆ. "ಹೇಸರಗತ್ತೆ ಮನೆತನ ಅಂತ ಯಾವುದೂ ಇಲ್ಲ. ನಕಲು ಹೊಡೆಯೋರನ್ನ ಹಿಡಿಯೋಕೆ ಸಂಪಾದಕರು ಹುಟ್ಟಿಸಿದ್ದು. ಅವರಿಗೆ, ಅವರ ಮಗಳಿಗೆ, ಇಬ್ಬರಿಗೆ ಬಿಟ್ಟು ಮೂರನೆಯವರಿಗೆ ಇದು ಗೊತ್ತಿರಲಿಲ್ಲ."

ಮುಖ ಬಿಳಿಚಿಕೊಳ್ಳಬೇಕಿತ್ತು. ಕೈ ನಡುಗಬೇಕಿತ್ತು. ನಾನು ಅದಕ್ಕೆಂದೇ ಕಾದಿದ್ದೆ. ಅವನು ಕರವಸ್ತ್ರವನ್ನು ಸ್ವಲ್ಪ ಸರಿಮಾಡಿಕೊಂಡು ಕೂತ, ಅಷ್ಟೇ. ಅವನಿಗೆ ಅದು ಮೊದಲೇ ಗೊತ್ತಿತ್ತು. ಆಗಲೇ ನನಗೆ ಏನೋ ಸರಿಯಿಲ್ಲ ಎನಿಸಬೇಕಿತ್ತು. ಆದರೆ ಗೆಲ್ಲುತ್ತಿದ್ದೇನೆ ಎಂಬ ಹುರುಪಿನಲ್ಲಿ ಮುಂದುವರಿದೆ.

"ಇರ್ಲಿ. ಈಗ ಎದ್ದು ಆ ಕುರ್ಚೀಲಿ ಒಂದ್ಸಲ ಕೂತು ತೋರಿಸಿ."

"ಯಾಕೆ?"

"ಹೊಸಬರೆಲ್ಲ ಅದರಲ್ಲೇ ಕೂರ್ತಾರೆ. ಕೂತು ಜಾರ್ತಾರೆ. ಆಮೇಲೆ ಯಾವತ್ತೂ ಅದರ ಹತ್ರ ಸುಳಿಯಲ್ಲ. ಬಿಳಿ ಪ್ಯಾಂಟು ಹಾಕ್ಕೊಂಡು ಬಂದ ಪ್ರಭುಗಳು ಸಿಂಹಾಸನ ಬಿಟ್ಟು ಧೂಳಿನ ಬೆಂಚಿನ ಮೇಲೆ ಕೂತ್ರು. ತಮಗೆ ಈ ಕುರ್ಚಿ ಪರಿಚಯ ಇದೆ ಸ್ವಾಮಿ. ತಾವು ಇಲ್ಲಿಗೆ ಮೊದಲೇ ಬಂದಿದ್ರಿ."

ಒಳಕೋಣೆಯಲ್ಲಿ ಒಂದು ಕಟ್ಟು ಧೊಪ್ಪನೆ ಬಿತ್ತು. ಬಾಗಿಲು ತೆರೆದುಕೊಂಡು ನನ್ನ ತಂಗಿಯ ಅಳಿಯ, ಟೋಪಿಯ ಮೇಲೆ ಜೇಡರ ಬಲೆ ಸಮೇತ, ಹೊರಗೆ ಬಂದ. ಅವನಿಗೆ ತಡೆದುಕೊಳ್ಳುವ ಅಭ್ಯಾಸ ಹುಟ್ಟಿನಿಂದಲೇ ಇಲ್ಲ.

"ಬಂದಿದ್ರಾ?" ಎಂದು ಕೇಳಿದ, ಸಾಧ್ಯವಾದಷ್ಟು ವಿನಯದಿಂದ.

ಬೆಂಚಿನ ಮೇಲಿದ್ದವನು ಸಮವಸ್ತ್ರವನ್ನು ನೋಡಿದ. ನನ್ನನ್ನು ನೋಡಿದ. ಮುಖದ ಪ್ರಭುಗಿರಿ ಕಳಚಿಬಿತ್ತು. ಅದರ ಹಿಂದಿದ್ದ ಮುಖ ಹೆಚ್ಚು ಚುರುಕಾಗಿತ್ತು.

"ಬಂದಿದ್ದೆ," ಎಂದ. ಮಾತಿನ ಧಾಟಿಯೂ ಬದಲಾಗಿತ್ತು. "ಮುದುಕಪ್ಪಾನೇ ಫೋನ್ ಮಾಡಿ ಕರೆಸಿದ್ದು. ಬಂದೆ, ಮಾತಾಡಿದ್ವಿ, ಹೋದೆ. ನಾನು ಹೊರಟಾಗ ಗಟ್ಟಿಯಾಗೇ ಇದ್ರು. ಇಲ್ಲಿಗೆ ಬಂದೋರೆಲ್ಲ ಕೊಲೆ ಮಾಡ್ತಾರಾ ಇನ್ಸ್‌ಪೆಕ್ಟರೇ?"

"ಮೊದಲು ಬಂದೇ ಇಲ್ಲ ಅಂದ್ರಿ."

"ಸುಳ್ಳು ಹೇಳೋದು ನನ್ನ ಕಸುಬು. ಕೊಲೆ ಅಲ್ಲ. ಬಿಸ್ಕತ್ತಿನೋರಿಗೆ ಮೋಸ ಮಾಡಿದೆ, ಒಪ್ಕೋತೀನಿ. ಅವರೂ ಮೋಸ ಹೋಗೋಕೇ ತುದಿಗಾಲಲ್ಲಿ ನಿಂತಿದ್ರು. ಆದ್ರೆ ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ."

"ಯಾವುದು?"

ಅವನು ಮೊದಲ ಬಾರಿಗೆ ಮಗಳ ಮೇಲೆ ಕಣ್ಣು ನಿಲ್ಲಿಸಿದ.

"ಇಷ್ಟು ದಪ್ಪ ಪುಸ್ತಕದಲ್ಲಿ ಖಾಲಿ ಇರೋ ಮನೆ ಯಾವುದು ಅಂತ ಹೊರಗಿನೋನಿಗೆ ಹೆಂಗೆ ಗೊತ್ತಾಗುತ್ತೆ? ಅಪ್ಪ ಮಗಳಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ ಅಂತ ಈ ಅಮ್ಮನೇ ಈಗ ಹೇಳಿದ್ರಲ್ಲ. ಮುದುಕಪ್ಪ ಅಂತೂ ಹೇಳಿರಲ್ಲ. ಇನ್ಯಾರು ಉಳಿದ್ರು? ಅವಳು ಗುಟ್ಟು ಹೊರಗೆ ಬಿಟ್ಟಳು, ಅಪ್ಪನಿಗೆ ಗೊತ್ತಾಯ್ತು, ಜಗಳ ಆಯ್ತು. ಬೀದಿಯೋರಿಗೆಲ್ಲ ಕೇಳಿಸಿದೆಯಂತಲ್ಲ ಆ ಜಗಳ."

ನನ್ನ ಬಾಯಿಂದ ಬಂದ ಮಾತನ್ನೇ ಎತ್ತಿಕೊಂಡು ನನ್ನ ಹುಡುಗಿಯ ಕುತ್ತಿಗೆಗೆ ಸುತ್ತಿದ್ದ. ಇನ್ಸ್‌ಪೆಕ್ಟರು ನಿಧಾನವಾಗಿ ಅವಳ ಕಡೆ ತಿರುಗಿದ.

"ಹೌದೇನಮ್ಮ?"

"ಉತ್ತರ ಕೊಡಬೇಡ," ಎಂದೆ. "ಬಾಯಿ ಮುಚ್ಕೊಂಡು ಕೂತಿರು."

ಅವಳು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು.

"ಹೌದು. ಆ ಮನೆತನ ಕೊಟ್ಟಿದ್ದು ನಾನೇ."

ಅಳುವುದಿಲ್ಲ, ಕಾಲು ಹಿಡಿಯುವುದಿಲ್ಲ ಎಂದು ಮೆಚ್ಚಿಕೊಂಡಿದ್ದೆನಲ್ಲ, ಮುಚ್ಚಿಡುತ್ತಿದ್ದಾಳೆ ಎಂದು ಯೋಚಿಸಿಯೇ ಇರಲಿಲ್ಲ. ಸಿಟ್ಟು ಅವಳ ಮೇಲೆ ಬಂತೋ ನನ್ನ ಮೇಲೆ ಬಂತೋ ಹೇಳಲಾರೆ.

"ಆದ್ರೆ ಈ ಮನುಷ್ಯನಿಗಲ್ಲ," ಎಂದಳು. "ಇವನನ್ನ ಮುಖಾಮುಖಿ ನೋಡ್ತಿರೋದು ಇವತ್ತೇ."

"ಮತ್ಯಾರಿಗೆ?"

"ನನ್ನ ತಮ್ಮನಿಗೆ."

ಇನ್ಸ್‌ಪೆಕ್ಟರು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಸಂಪಾದಕರಿಗೆ ಒಬ್ಬಳೇ ಮಗಳು ಎಂದು ಕೆಳಗಿನ ಅಂಗಡಿಯವನಿಂದ ಹಿಡಿದು ಅಚ್ಚಿನ ಮನೆಯವರವರೆಗೆ ಎಲ್ಲರೂ ಹೇಳಿದ್ದರು.

"ಅಪ್ಪ ಅವನನ್ನ ಮನೆಯಿಂದ ಹೊರಗೆ ಹಾಕಿದ್ರು. ಅವನ ಹೆಸರು ಎತ್ತಬಾರದು ಅಂದ್ರು. ಹೊಸ ಊರು, ಹೊಸ ಮನೆ, ಇಲ್ಲಿ ಯಾರಿಗೂ ಅವನು ಇದ್ದದ್ದೇ ಗೊತ್ತಿಲ್ಲ." ಅವಳ ಮಾತು ಎಲ್ಲೂ ಏರಲಿಲ್ಲ. "ಅದೇ ವರ್ಷ ಪುಸ್ತಕದಲ್ಲಿ ಆ ವಾರಸುದಾರ ಬಂದ. ಹುಟ್ಟಿದ ದಿನ ತಮ್ಮನದೇ. ಅಪ್ಪ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಮ್ಮನಿಗೆ ಮಾತ್ರ ಹೇಳಿಕಳಿಸಿದೆ. ನಿನಗೆ ಇಲ್ಲಿ ಜಾಗ ಇಲ್ಲ, ಪುಸ್ತಕದಲ್ಲಿ ಅಪ್ಪ ಒಂದು ಮನೆ ಕಟ್ಟಿಟ್ಟಿದಾರೆ, ಬೇಕಾದ್ರೆ ಅದರಲ್ಲಿ ಇರು ಅಂತ. ತಪ್ಪೇ, ಅಲ್ಲ ಅನ್ನಲ್ಲ."

ಊರವರು ಹೆತ್ತ ಮಕ್ಕಳಿಗೆಲ್ಲ, ಕೂಸಾಗಿದ್ದಾಗಲೇ ಸತ್ತವರಿಗೂ, ಒಂದೊಂದು ಸಾಲು ಕೊಟ್ಟ ಮನುಷ್ಯ ಸ್ವಂತ ಮಗನನ್ನು ಹಿಟ್ಟಿನೊಳಗಿನ ಹೊಟ್ಟಿನಂತೆ ಜರಡಿ ಹಿಡಿದು ಹೊರಗೆ ಚೆಲ್ಲಿದ್ದರು. ಚೆಲ್ಲಿದವರೇ ಗುಟ್ಟಾಗಿ ಅವನಿಗೊಂದು ಸುಳ್ಳು ವಂಶ ಬರೆದು ಅದರ ಮುಂದೆ ಕೂತು ಪ್ರೀತಿ ಮಾಡಿದ್ದರು. ಬೆಳಗ್ಗೆ ಅಷ್ಟು ಇಷ್ಟವಾಗಿದ್ದ ಸಂಪಾದಕರು ಈಗ ಆ ಖೋಟಾ ಸಹಿಯ ಪ್ರಭುವಿಗಿಂತ ಒಂದು ಮೆಟ್ಟಿಲೂ ಮೇಲೆ ಕಾಣಲಿಲ್ಲ.

"ಪೇಪರಲ್ಲಿ ಆ ಹೆಸರಿನ ಕೆಳಗೆ ಇವನ ಫೋಟೋ ಬಂತು. ತಮ್ಮನದಲ್ಲ. ಅವನ ಜಾಗದಲ್ಲಿ ಇವನು ಕೂತಿದಾನೆ ಅಂದ್ರೆ ಅವನೇನಾದ? ಪೊಲೀಸಿಗೆ ಹೋಗೋಣ ಅಂದೆ. ಅಪ್ಪ ಬೇಡ ಅಂದ್ರು. ಅವನನ್ನೇ ಕರೆಸಿ ಕೇಳ್ತೀನಿ ಅಂದ್ರು. ಅದಕ್ಕೇ ಜಗಳ ಆಗಿದ್ದು."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?" ಎಂದು ಕೇಳಿದೆ. ದನಿ ನನಗೇ ಒರಟಾಗಿ ಕೇಳಿಸಿತು.

"ಹೇಳಿದ್ರೆ ತಮ್ಮ ಖೋಟಾ ಅಂತ ಸಿಕ್ಕಿಬೀಳ್ತಾನಲ್ಲ ಅಕ್ಕಾ. ಬದುಕಿದ್ರೆ."

ಬೆಂಚಿನ ಮೇಲಿದ್ದವನು ಇಷ್ಟು ಎಣಿಸಿರಲಿಲ್ಲ. ತನ್ನ ತಲೆ ಉಳಿಸಿಕೊಳ್ಳಲು ಯಾರೇ ಆಗಲಿ ಇಂಥದ್ದನ್ನು ನುಂಗಿಕೊಳ್ಳುತ್ತಾರೆ ಎಂಬುದು ಅವನ ಲೆಕ್ಕ. ಅವನ ಜನ್ಮಕ್ಕೆ ತಿಳಿದ ಲೆಕ್ಕ ಅದೊಂದೇ. ಎದ್ದು ನಿಂತ. ಇನ್ಸ್‌ಪೆಕ್ಟರು ಬಾಗಿಲಿಗೆ ಅಡ್ಡವಾದ. ಈ ಸಲ ಅವನಲ್ಲಿ ವಿನಯವಿರಲಿಲ್ಲ. ಗೆದ್ದೆವು ಎಂದುಕೊಂಡೆ.

ಮಗಳು ಮೇಜು ಬಿಟ್ಟು ಬಂದು ಅವನ ಎದುರು ನಿಂತಳು.

"ನೀನು ಯಾರಾದ್ರೂ ಆಗಿರು, ನನಗೆ ಬೇಕಾಗಿಲ್ಲ. ನನ್ನ ತಮ್ಮ ಬದುಕಿದಾನಾ?"

ಅವನು ಅವಳನ್ನು ನೋಡುತ್ತಲೇ ಇದ್ದ. ಎಲ್ಲಿ ಒತ್ತಿದರೆ ನೋಯುತ್ತದೆ ಎಂದು ಹುಡುಕುತ್ತಿದ್ದ ಎಂದು ಈಗ ಅನಿಸುತ್ತದೆ. ಆಮೇಲೆ ನಕ್ಕ.

"ಬದುಕಿದಾನೆ. ಚೆನ್ನಾಗೇ ಇದಾನೆ. ಆ ಹೆಸರು, ಉಂಗುರ, ಎಲ್ಲ ನನಗೆ ಕೊಟ್ಟೋನೇ ಅವನು. ತನಗೆ ಪ್ರಭುವಿನ ವೇಷ ಹೊಂದಲ್ಲ ಅಂದ, ಬಂದದ್ದರಲ್ಲಿ ಪಾಲು ಕೊಟ್ರೆ ಸಾಕು ಅಂದ."

ಅವಳ ಮುಖದಲ್ಲಿ ಮೊದಲು ಕಂಡದ್ದು ಸಂತೋಷ. ಬಾಯಿ ಸ್ವಲ್ಪ ತೆರೆಯಿತು, ವಾರದಿಂದ ಬಿಗಿದಿದ್ದ ಭುಜ ಇಳಿಯಿತು. ಅಷ್ಟು ದೊಡ್ಡ ಹೆಂಗಸು ಒಂದು ಗಳಿಗೆಯ ಮಟ್ಟಿಗೆ ಬರೀ ಅಕ್ಕ ಆಗಿದ್ದಳು.

ಅವನು ಮಾತು ಮುಗಿಸಿರಲಿಲ್ಲ.

"ಅವತ್ತು ಮಧ್ಯಾಹ್ನ ಅವನೂ ನನ್ನ ಜೊತೆ ಬಂದಿದ್ದ," ಎಂದ. "ನೀನು ಹೊರಗೆ ಹೋಗೋದನ್ನ ನೋಡ್ಕೊಂಡೇ ಇಬ್ಬರೂ ಮೆಟ್ಟಿಲು ಹತ್ತಿದ್ವಿ. ಅಪ್ಪ ಮಗ ಮಾತಾಡಿಕೊಳ್ಳಲಿ ಅಂತ ನಾನು ಮೊದಲು ಹೊರಟೆ. ನಾನು ಬಾಗಿಲು ಎಳ್ಕೊಂಡಾಗ ಇಲ್ಲಿ ಇದ್ದೋರು ಅವರಿಬ್ಬರೇ."

ಸುಳ್ಳು. ಸುಳ್ಳಾಗಿರಲೇಬೇಕು. ಇಲ್ಲದ ಅಜ್ಜಿಗೆ ಕಣ್ಣೀರು ಹಾಕಿದವನ ಮಾತು ಅದು. ಆದರೆ ಅದನ್ನು ಅವನು ಹೇಳಿದ ಬಗೆಯಲ್ಲಿ ಅತ್ತರಿನ ವಾಸನೆ ಇರಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು.

ಇನ್ಸ್‌ಪೆಕ್ಟರು ಕಿಸೆಯಿಂದ ಟಿಪ್ಪಣಿ ಪುಸ್ತಕ ತೆಗೆದ. "ನಿಮ್ಮ ತಮ್ಮನ ಹೆಸರು ಹೇಳಿ," ಎಂದ ಅವಳಿಗೆ. "ಚಹರೆ ಹೇಳಿ. ಹಳೇ ಫೋಟೋ ಇದ್ರೆ ಕೊಡಿ. ಹೇಳಿದ್ರೆ ನೀವು ಮನೆಗೆ ಹೋಗಬಹುದು, ನಾನು ನಿಮ್ಮನ್ನ ಕರ್ಕೊಂಡು ಹೋಗೋ ಅಗತ್ಯ ಇಲ್ಲ."

"ಹೇಳಮ್ಮ," ಎಂದೆ. "ಯೋಚನೆ ಮಾಡಬೇಡ. ಹೇಳಿಬಿಡು."

ಅವಳು ನನ್ನ ಕಡೆ ನೋಡಲಿಲ್ಲ. ಚದುರಿದ್ದ ಹಾಳೆಗಳನ್ನು ಒಟ್ಟು ಮಾಡಿ ಮೇಜಿಗೆ ತಟ್ಟಿ ಅಂಚು ಸರಿಮಾಡಿದಳು. ಮೇಲೆ ಕೆಂಪು ಪೆನ್ನು ಇಟ್ಟಳು.

"ನನಗೆ ತಮ್ಮ ಇಲ್ಲ," ಎಂದಳು ಇನ್ಸ್‌ಪೆಕ್ಟರಿಗೆ. "ಇಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳು. ಅಪ್ಪನ್ನ ತಳ್ಳಿದ್ದು ನಾನೇ, ಬರ್ಕೊಳ್ಳಿ."